ಮೋಟೆಬೆನ್ನೂರು ದಾಟಿದ ಮೇಲೆ ಹಿಡಿದ ಬ್ರೇಕು

"ಅಕ್ಕಾರ, ಇವತ್ತು ಸಂಜಿ ಆತಂದ್ರ ಪೊಲೀಸರ ಕಡೆ ನನ್ನ ಮ್ಯಾಲ ಅರ್ಜಿ ಹೋಗತೈತ್ರಿ. ನಾ ಏನೂ ಮಾಡಿಲ್ರಿ!"

ಹಾವೇರಿಯ ನಮ್ಮ ಓಣಿಯಲ್ಲಿ, ದ್ರಾಕ್ಷಾಯಿಣಿ ಟೀಚರ ಮನೆಯ ಕಟ್ಟೆಯ ಮುಂದೆ ನಿಂತು ಒಬ್ಬ ತರುಣ ಹೀಗೆ ಕೈ ಮುಗಿದಾಗ ಬೆಳಗಿನ ಎಂಟು ಗಂಟೆ. ನಾನು ಆಗಷ್ಟೇ ಗುಡಿಯಿಂದ ಪ್ರಸಾದ ತಂದಿದ್ದೆ. ಟೀಚರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ನಿವೃತ್ತರಾದ ಮೇಲೆ ಯಾರಿಗೂ ಬಿಡಿಸಲಾಗದ ತೊಡಕುಗಳು ಅವರ ಕಟ್ಟೆಗೆ ಬರತೊಡಗಿದವು. ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಅವರ ಹಿಂದೆ ಹೋಗಿ ಎಲ್ಲವನ್ನೂ ಬರೆದಿಡುತ್ತೇನೆ. ನನ್ನಾಕೆ ತೀರಿಕೊಂಡ ಈ ನಾಲ್ಕು ತಿಂಗಳಲ್ಲಿ ನನ್ನನ್ನು ಮನೆಯಿಂದ ಹೊರಗೆಳೆದದ್ದು ದೇವರ ಗುಡಿ ಮತ್ತು ಈ ಕಟ್ಟೆ, ಎರಡೇ.

"ಮೊದಲ ಕುಂದ್ರು. ಯಾರು ನೀನು?" ಎಂದರು ಟೀಚರು.

ಅವನ ಹೆಸರು ನಯಾಜ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿ ಮಾಲತೇಶ ಸಾವ್ಕಾರರ ಕಾರಿನ ಚಾಲಕ. ಕಾರು ಕೊಂಡು ಮೂರು ತಿಂಗಳೂ ತುಂಬಿಲ್ಲ. ಮೊದಲೆಲ್ಲ ಚೆನ್ನಾಗಿಯೇ ಓಡಿತ್ತು. ಆದರೆ ಈಚಿನ ಹದಿನೈದು ದಿನಗಳಲ್ಲಿ ಮೂರು ಸಲ, ಮೋಟೆಬೆನ್ನೂರು ದಾಟಿ ಹೆದ್ದಾರಿಯಲ್ಲಿ ಕೆಲವು ಮೈಲಿ ಹೋಗುವಷ್ಟರಲ್ಲಿ, ತುಳಿಯದೆಯೇ ಬ್ರೇಕು ಹಿಡಿದು ನಾಲ್ಕೂ ಗಾಲಿ ಬಿಗಿದಿದ್ದವು. ಅರ್ಧ ಗಂಟೆ ಬಿಟ್ಟರೆ ತಾವಾಗಿಯೇ ಸಡಿಲ! ಮಾರಿದವರು ಕಂಪ್ಯೂಟರ್ ಹಚ್ಚಿ ನೋಡಿ, ದೋಷವೇ ಇಲ್ಲ ಎಂದಿದ್ದರು.

"ನಿನ್ನೆ ಸಾವ್ಕಾರ್ರ ತಾಯಿ ಗುತ್ತೆವ್ವಾರ್ನ ಕಣ್ಣು ತೋರ್ಸಾಕ ರಾಣೆಬೆನ್ನೂರಿಗೆ ಕರಕೊಂಡು ಹೊಂಟಿದ್ನಿರಿ. ನಡು ರಸ್ತ್ಯಾಗ ಗಾಡಿ ನಿಂತುಬಿಡ್ತು. ಹಿಂದಿನ ಲಾರಿ ಕನ್ನಡಿ ಹಾರಿಸಿಕೊಂಡು ಹೋತು. ಆ ಡ್ರೈವರ ಇಳಿದು ಬಂದು, 'ಹಿಂದ ಕೆಂಪು ದೀಪನ ಹತ್ಲಿಲ್ಲ, ಹೆಂಗ ನಿಂತ್ಯೋ ಮಗನ?' ಅಂತ ನನ್ನ ಕೊಳ್ಳಪಟ್ಟಿ ಹಿಡದ."

"ಸಾವ್ಕಾರ್ರು ಏನಂದ್ರು?"

"ರಜಾ ಕೊಡಲಿಲ್ಲಂತ ಸಿಟ್ಟಿಗೆ ಗಾಡಿ ಕೆಡಿಸಿ ನನ್ನ ತಾಯೀನ್ನ ಕೊಲ್ಲಾಕ ನೋಡಿದಿ ಅಂದ್ರು. ಮಾರ್ಕೆಟ್ಟಿನ್ಯಾಗ, ನೂರು ಮಂದಿ ಮುಂದ. ಇನ್ನ ನನ್ನ ಕೈಯಾಗ ಯಾರು ಗಾಡಿ ಕೊಡ್ತಾರ್ರಿ?"

"ಸಾವ್ಕಾರ್ರು ಗಾಡಿ ಹೊಡದಾಗ ಹಿಂಗ ಆಗಿಲ್ಲೇನು?"

"ಒಮ್ಮಿನೂ ಇಲ್ರಿ. ಅದಕ್ಕ ನನ್ನ ಮ್ಯಾಲ ಸಂಶೇ. ಅವರು ಹೊಡಿಯೂದು ಮನಿಯಿಂದ ಮಾರ್ಕೆಟ್ಟಿಗೆ ಅಷ್ಟರಿ, ಒಂದು ಮೈಲಿ."

ಟೀಚರ ಕಣ್ಣು ಅವನ ಕಾಲಿನ ಕಡೆಗಿತ್ತು. ನಾನೂ ನೋಡಿದೆ. ಬಲಗಾಲಿನ ಬೂಟಿನ ಮೇಲ್ಭಾಗದಲ್ಲಿ ಹಳದಿ ಪುಡಿ ಅಂಟಿತ್ತು. ಎಡಗಾಲಿನದು ಸ್ವಚ್ಛವಾಗಿತ್ತು.

"ಮಾಸ್ತರ್ರ, ಏಳ್ರಿ. ಈಗಿನ ಬಸ್ಸ ಹಿಡಿದು ಆ ಕಾರು ನೋಡೋಣ!"

ಕಾರು ರಾಣೆಬೆನ್ನೂರಿನಲ್ಲಿ ಮುಜಾಫರನ ಗ್ಯಾರೇಜಿನಲ್ಲಿತ್ತು. ನಮ್ಮನ್ನು ಕಂಡವನೇ ಅವನು ಕೈ ಒರೆಸಿಕೊಂಡು ಬಂದ. "ಬರ್ರಿ ಟೀಚರ. ಎಂಟನೇತ್ತಾದಾಗ ನೀವು ನನ್ನ ಫೇಲ್ ಮಾಡಿದ್ರಿ. ಈಗ ಈ ಕಾರು ಫೇಲ್ ಮಾಡೇತಿ."

"ಆಗ ನೀ ಓದಿರಲಿಲ್ಲ. ಈಗ ಏನೇನು ನೋಡೀದಿ ಹೇಳು."

"ನಾಲ್ಕೂ ಗಾಲಿ ಬಿಚ್ಚೇನ್ರಿ. ಪ್ಯಾಡು ಸುಟ್ಟಾವು. ಬ್ರೇಕ್ ಆಯಿಲ್ ನೀರಿನಂಗ ಸ್ವಚ್ಛ ಐತಿ, ಯಾರೂ ಏನೂ ಬೆರಸಿಲ್ಲ. ಒಂದು ಗಾಲಿ ಅಷ್ಟ ಹಿಡದಿದ್ರ ಆ ಗಾಲಿದು ತಪ್ಪು ಅನಬಹುದಿತ್ತು. ನಾಲ್ಕೂ ಕೂಡೇ ಹಿಡದಾವು!"

"ಹಂಗಾದ್ರ ಗಾಲಿ ಬಿಡು. ನಾಲ್ಕಕ್ಕೂ ಹುಕುಮ್ ಹೋಗೂದು ಎಲ್ಲಿಂದ?" ಎಂದು ಟೀಚರು ನನ್ನನ್ನು ಕಾರಿನ ಹಿಂದೆ ನಿಲ್ಲಿಸಿದರು. ತಾವು ಮುಂದಿನ ಬಾಗಿಲು ತೆರೆದು, ಕುಕ್ಕುರುಗಾಲಿನಲ್ಲಿ ಕುಳಿತು, ಬ್ರೇಕಿನ ಪೆಡಲನ್ನು ಅಂಗೈಯಿಂದ ಒತ್ತಿದರು.

"ದೀಪ ಹತ್ತಿತೇನ್ರಿ ಮಾಸ್ತರ್ರ?"

"ಇಲ್ಲ."

"ಈಗ?"

"ಇಲ್ಲರೀ."

"ಈಗ?"

"ಹತ್ತಿತು!"

"ಇಷ್ಟು ಒತ್ತಿದ ಮ್ಯಾಲ!" ಅವರು ಟಾರ್ಚು ಹಿಡಿದು ಸ್ಟೇರಿಂಗಿನ ಕೆಳಗೆ ತಲೆ ತೂರಿಸಿದರು. ಎದ್ದು ನಿಂತಾಗ ಮುಖ ಗಂಭೀರವಾಗಿತ್ತು, ಬೆರಳ ತುದಿ ಹಳದಿಯಾಗಿತ್ತು. "ಯಾರೂ ಮುಟ್ಟಬ್ಯಾಡ್ರಿ. ಮಾಲತೇಶ ಸಾವ್ಕಾರ್ರಿಗೆ ಫೋನ್ ಹಚ್ಚು ನಯಾಜ. ತಾಯಿನ್ನೂ ಕರಕೊಂಡು ಬರ್ಲಿ."

ಒಂದು ತಾಸಿನಲ್ಲಿ ತಾಯಿ ಮಗ ಬಂದಿಳಿದರು. ನಯಾಜನನ್ನು ಕಂಡದ್ದೇ ಸಾವ್ಕಾರರು ಕೆರಳಿದರು. "ಇಂವನ ಪರ ಮಾತಾಡಾಕ ಹಾವೇರಿಯಿಂದ ಬಂದೀರೇನ್ರಿ?"

"ಕಾರಿನ ಪರ ಮಾತಾಡಾಕ ಬಂದೇನಿ. ಕುಂದ್ರಿ," ಎಂದರು ಟೀಚರು. ಗುತ್ತೆವ್ವನಿಗೆ ಮುಜಾಫರ ಸ್ಟೂಲು ಹಾಕಿದ. ನಾವೆಲ್ಲ ಸುತ್ತ ನಿಂತೆವು.

"ಪೆಡಲು ಪೂರ್ತಿ ಮ್ಯಾಲ ಬಂದಾಗ ಅಷ್ಟ ಬ್ರೇಕ್ ಆಯಿಲ್ ವಾಪಸ್ ಡಬ್ಬಿಗೆ ಹೋಗಾಕ ಒಂದು ಸಣ್ಣ ತೂತು ತೆರೀತೈತಿ. ಪೆಡಲು ಒಂಚೂರು ಕೆಳಗ ನಿಂತ್ರ ತೂತು ಮುಚ್ಚೇ ಇರತೈತಿ. ಗಾಡಿ ಓಡಿದಂಗ ಆಯಿಲ್ ಕಾಯ್ದು ಹಿಗ್ಗತೈತಿ, ಹೋಗಾಕ ಹಾದಿ ಇಲ್ಲ, ಗಾಲೀನ ಅಮುಕತೈತಿ. ಆರಿದ ಮ್ಯಾಲ ಕುಗ್ಗತೈತಿ, ಸಡಿಲ ಆಗತೈತಿ. ಒಂದು ಮೈಲಿ ಓಡಿದ್ರ ಎಲ್ಲಿ ಕಾಯ್ತೈತ್ರಿ ಸಾವ್ಕಾರ್ರ? ಅದಕ್ಕ ನಿಮ್ಮ ಕೈಯಾಗ ಆಗಿಲ್ಲ. ದೂರ ಹೊಡಿಯಾಂವ ನಯಾಜ ಒಬ್ಬನ."

"ಪೆಡಲು ಕೆಳಗಿದ್ರ ದೀಪ ಹತ್ತಬೇಕಲ್ರಿ?" ಎಂದ ಮುಜಾಫರ.

"ಹತ್ತಬೇಕು. ಹತ್ತಲಿಲ್ಲಂತ ಲಾರಿಯಾಂವ ಸಾಕ್ಷಿ ಹೇಳ್ಯಾನ. ದೀಪದ ಗುಂಡಿ ಇರೂದು ಪೆಡಲಿನ ತೋಳು ಮ್ಯಾಲ ಬಂದು ತಾಗೂ ಜಾಗದಾಗ. ತೋಳಿಗೂ ಗುಂಡಿಗೂ ನಡುವ ಹಳದಿ ಪುಡಿ ಕಟ್ಟಿದ ಒಂದು ಬಟ್ಟಿ ಗಂಟು ಸಿಕ್ಕೊಂಡೈತಿ. ತೋಳು ಪೂರ್ತಿ ಬಂದಿಲ್ಲ, ಗುಂಡಿಗೆ ಮಾತ್ರ ಬಂದೈತಿ ಅನಸತೈತಿ. ದೀಪ ಮಲಗೇತಿ, ಬ್ರೇಕು ಎದ್ದೈತಿ."

"ಅಂದ್ರ ಇಂವನ ಕಟ್ಯಾನ!" ಸಾವ್ಕಾರರು ಮುಂದೆ ನುಗ್ಗಿದರು.

"ಗುಟ್ಟಿಲೆ ಕಟ್ಟಿದಾಂವ ಅದರ ಪುಡಿ ಬೂಟಿನ ಮ್ಯಾಲ ಸುರುವಿಕೊಂಡು ಊರೂರು ತಿರಗತಾನೇನು? ಬ್ರೇಕು ತುಳಿಯೂ ಬಲಗಾಲಿನ ಮ್ಯಾಲ ಮೇಲಿಂದ ಉದುರೇತಿ, ಅವಗ ಗೊತ್ತ ಇಲ್ಲ. ಹದಿನೈದು ದಿನದ ಹಿಂದ ಏನಿತ್ತು? ಅಮಾಸಿ. ನಿಮ್ಮ ಮನ್ಯಾಗ ಗಾಡಿ ಪೂಜಿ ಆಗಿರಬೇಕು. ಆ ಪುಡಿ ಭಂಡಾರ, ದೇವರ ಅರಿಷಿಣ. ಕೆಡಸಾಂವ ಕೈಗೆ ಸಿಕ್ಕಲ್ಲೆ ಕಟ್ಟತಿದ್ದ. ಇದನ್ನ ಕೈ ಎಷ್ಟು ಎಟಕತೈತೋ ಅಷ್ಟು ಮ್ಯಾಲ ಕಟ್ಯಾರ. ಯಾಕ? ದೇವರ ಭಂಡಾರಕ್ಕ ಯಾರ ಕಾಲೂ ತಾಗಬಾರದು ಅಂತ."



"ನಾನಪಾ ಕಟ್ಟಿದ್ದು," ಎಂದಳು ಗುತ್ತೆವ್ವ. "ನನ್ನ ಇನ್ನೊಬ್ಬ ಮಗ ಮೈಲಾರೆಪ್ಪ ಐರಣಿ ಹಾದ್ಯಾಗ ತೀರಿಹೋದನಲ್ಲ, ಅವನ ಗಾಡಿ ಬ್ರೇಕು ಹಿಡೀಲಿಲ್ಲ. ಇರೂ ಒಬ್ಬ ಮಗನ ಗಾಡೀದರ ಹಿಡೀಲಿ ಅಂತ ದೇವರಗುಡ್ಡದ ಭಂಡಾರ ಕಟ್ಟಿದೆ. ನಿನ್ನೆ ಲಾರಿ ಉಜ್ಜಿ ಹೋದ್ರೂ ಉಳದೆ. ಇದರಿಂದನ ಉಳದೆ ಅಂತ ಮುಂಜಾನಿ ಕಾಯಿ ಒಡದೇನಿ. ನನ್ನ ಕೈಯಾರೆ ಈ ಹುಡುಗನ್ನ..." ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡಳು.

ಟೀಚರು ನನ್ನ ಕಡೆ ನೋಡಿದರು. ಇಂಥ ಮಾತಿಗೆ ವಿಜ್ಞಾನ ಸಾಲದು. ನಾನು ಆಕೆಯ ಹತ್ತಿರ ಹೋಗಿ ಕುಳಿತೆ. "ಯವ್ವಾ, ನಾನೂ ನನ್ನ ಹೆಂಡತಿಯ ದಿಂಬಿನ ಬುಡಕ ವಿಭೂತಿ ಗಂಟು ಇಟ್ಟಿದ್ದೆ. ಆಕಿ ಉಳೀಲಿಲ್ಲ. ಇಟ್ಟದ್ದು ತಪ್ಪು ಅಂತ ದೇವರು ನಮ್ಮನ್ನ ಬೈಯೂದಿಲ್ಲ. ಇದನ್ನ ಬಿಚ್ಚಿ ದೇವರ ಜಗಲಿ ಮ್ಯಾಲ ಇಡು."

ಆಕೆ ತಾನೇ ಬಗ್ಗಿ, ತಡಕಾಡಿ, ಗಂಟು ಬಿಚ್ಚಿ ಕಣ್ಣಿಗೊತ್ತಿಕೊಂಡಳು. ಪೆಡಲು ಕಟ್ ಎಂದು ಮೇಲೆ ಬಂದಿತು.

ಮುಜಾಫರ ಸುಟ್ಟ ಪ್ಯಾಡುಗಳನ್ನು ಬದಲಿಸಿದ. ಮಾಲತೇಶರು ಕೀಲಿ ಚಾಚಿದರು. "ತಗೋ ನಯಾಜ. ತಪ್ಪಾತು."

ನಯಾಜ ಕೈ ಮುಂದೆ ಮಾಡಲಿಲ್ಲ. "ಇಲ್ಲಿ ನಾಲ್ಕು ಮಂದಿ ಮುಂದ ಅಂದ್ರ ಆಗೂದಿಲ್ರಿ ಸಾವ್ಕಾರ. ನೀವು ಮಾರ್ಕೆಟ್ಟಿನ್ಯಾಗ ಅಂದೀರಿ."

ಸಾವ್ಕಾರರ ಮುಖ ಕೆಂಪಾಯಿತು. ತಾಯಿಯ ಕಡೆ ನೋಡಿದರು, "ನಡೀರಿ, ಮಾರ್ಕೆಟ್ಟಿಗೇ ಹೋಗೋಣ," ಎಂದು ಚಾಲಕನ ಸೀಟಿನಲ್ಲಿ ಕುಳಿತರು. ನಯಾಜ ಪಕ್ಕಕ್ಕೆ, ನಾವು ಮೂವರು ಹಿಂದೆ, ಮುಜಾಫರ ಬೈಕಿನ ಮೇಲೆ ಬೆನ್ನಿಗೆ. ಹೆದ್ದಾರಿ ಹಿಡಿದೆವು. ಐದು ಮೈಲಿ. ಎಂಟು ಮೈಲಿ. ನಾನು ಶಿವನಾಮ ಹೇಳುತ್ತಿದ್ದೆ. ಸಾವ್ಕಾರರ ಕುತ್ತಿಗೆಯ ಮೇಲೆ ಬೆವರು ಇಳಿಯುತ್ತಿತ್ತು. ಮೋಟೆಬೆನ್ನೂರು ಕ್ರಾಸಿನಲ್ಲಿ ನಿಲ್ಲಿಸಿದಾಗ ಮುಜಾಫರ ಓಡಿಬಂದು ಗಾಲಿಯ ಹತ್ತಿರ ಕೈ ಹಿಡಿದ. "ಬೆಚ್ಚಗದಾವು, ಅಷ್ಟ! ಪಾಸು, ಟೀಚರ, ಪಾಸು!"

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಚೀಲಗಳ ರಾಶಿಯ ನಡುವೆ ಕಾರು ನಿಂತಿತು. ಮಾಲತೇಶರು ಇಳಿದು ಹಮಾಲರನ್ನೂ ದಲಾಲರನ್ನೂ ಕೂಗಿ ಕರೆದರು. ತಲೆ ತಗ್ಗಿಸಿ, "ನಿನ್ನೆ ನಯಾಜಗ ನಾ ಅಂದದ್ದು ಸುಳ್ಳು. ಅವಂದೇನೂ ತಪ್ಪಿಲ್ಲ," ಎಂದರು.

"ಕೇಳಸವಲ್ದು ಸಾವ್ಕಾರ!" ಚೀಲದ ಮೇಲೆ ಕುಳಿತಿದ್ದ ಹಮಾಲ ಹುಲಿಗೇಶ ಅರಚಿದ. "ನಿನ್ನೆ ಜೋರಾಗಿ ಅಂದಿದ್ರಿ!"

ನಗೆ ಎದ್ದಿತು. ಮಾಲತೇಶರು ಎದೆ ತುಂಬ ಉಸಿರೆಳೆದುಕೊಂಡು, ಮಾರುಕಟ್ಟೆಯ ಆ ತುದಿಗೂ ಕೇಳುವಂತೆ ಅದೇ ಮಾತನ್ನು ಕೂಗಿ ಹೇಳಿದರು. ಆಗ ನಯಾಜ ಕೈ ಚಾಚಿ ಕೀಲಿ ತೆಗೆದುಕೊಂಡ.