ಮಾಸೂಮಾಳ ಬುತ್ತಿ ಬಟ್ಟೆ

"ನಿನ್ನ ಬುತ್ತಿ ಬಟ್ಟೆ ದಿನಾ ಒಂದು ಬಕೆಟ್ ನೀರು ಕುಡಿತೈತೆ!" ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ ಕರಿಬಸವರಾಜ ಹೇಳಿದ. "ನಾನು ರೊಟ್ಟಿ ಸುತ್ತೋ ಪೇಪರ್ ನೋಡು. ಒಗೆಯೋದೇ ಬ್ಯಾಡ. ರದ್ದಿಗೆ ಹಾಕಿದ್ರೆ ಮತ್ತೆ ಪೇಪರ್ ಆಗತೈತೆ."

"ನಿಂದು ದಿನಾ ಹೊಸ ಪೇಪರ್. ನಂದು ಒಂದೇ ಬಟ್ಟೆ!" ಮಾಸೂಮಾ ಬಿಡಲಿಲ್ಲ.

ಐದನೇ ಕ್ಲಾಸಿನ ಈ ಜಗಳ ನಿರ್ಮಲಮ್ಮ ಟೀಚರ್ ಕಿವಿಗೆ ಬಿತ್ತು. ಆ ಬೇಸಿಗೆ ದಾವಣಗೆರೆಯಲ್ಲಿ ನಲ್ಲಿ ನೀರು ಬಂದರೆ ಹಬ್ಬ.

"ಶನಿವಾರ ಇಬ್ರೂ ತಂದು ತೋರಿಸ್ರಿ, ಯಾವುದು ಕಡಿಮೆ ಹಾಳು ಮಾಡತೈತೆ ನೋಡೋಣ. ಗೆದ್ದೋರ ಥರಾನೇ ಎಲ್ಲರೂ ಬುತ್ತಿ ಕಟ್ಕೊಂಡು ಹರಿಹರಕ್ಕೆ ಪಿಕ್‌ನಿಕ್ ಹೋಗೋಣ," ಎಂದರು ಟೀಚರ್.

ಮಾಸೂಮಾಗೆ ಗೆಲ್ಲಲೇಬೇಕಿತ್ತು. ನೀರಿನದೇ ತಾನೇ ತಕರಾರು? ಒಗೆಯದಿದ್ದರಾಯಿತು!

"ಇನ್ಮೇಲೆ ಬುತ್ತಿ ನಾನೇ ಕಟ್ಕೊತೀನಿ," ಎಂದಳು ಮನೆಯಲ್ಲಿ. ಬಟ್ಟೆ ಅಮ್ಮನ ಕೈಗೆ ಸಿಗಬಾರದಲ್ಲ!

"ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?" ಎಂದು ಅಮ್ಮ ಹಜೀರಾಬೀ ನಕ್ಕಳು.

ಒಂದು ದಿನ ಬೆಳ್ಳುಳ್ಳಿ ಚಟ್ನಿ, ಒಂದು ದಿನ ಮೊಟ್ಟೆ ಪಲ್ಯ, ಇನ್ನೊಂದು ದಿನ ಒಣಮೀನು. ಶುಕ್ರವಾರದ ಹೊತ್ತಿಗೆ ಬಟ್ಟೆ ಹಪ್ಪಳದಂತೆ ಸೆಟೆದು ನಿಂತಿತ್ತು. ಬ್ಯಾಗಿನಿಂದ ಇರುವೆಗಳು ಸಾಲಾಗಿ ಹೊರಟವು.

"ಎಲ್ಲೋ ಇಲಿ ಸತ್ತೈತೆ, ಹುಡುಕ್ರಿ," ಎಂದರು ಟೀಚರ್. ಎಲ್ಲರಿಗಿಂತ ಜೋರಾಗಿ ಹುಡುಕಿದವಳು ಮಾಸೂಮಾ.

ಶನಿವಾರ ಕರಿಬಸವರಾಜನೂ ಪೇಪರ್ ಕಟ್ಟು ಹೊತ್ತು ಸಪ್ಪೆ ಮುಖದಲ್ಲಿ ಬಂದ. ರದ್ದಿ ಅಂಗಡಿಯ ಜಮಾಲ್ ಸಾಬ್ "ಎಣ್ಣೆ ಕುಡಿದ ಪೇಪರ್ ಯಾರಿಗೆ ಬೇಕಪ್ಪಾ?" ಎಂದು ವಾಪಸ್ ಕಳಿಸಿದ್ದರು. ಮಾಸೂಮಾ ತನ್ನ ಬಟ್ಟೆ ಬಿಚ್ಚಿದಳು.

"ಇಲಿ ಸಿಕ್ತು!" ಎಂದು ಯಾರೋ ಕೂಗಿದರು. ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಮಾಸೂಮಾಗೆ ಅಳುವೇ ಬಂತು.

ಟೀಚರ್ ಸೆರಗಿನಿಂದ ಮೂಗು ಮುಚ್ಚಿಕೊಂಡರು. "ಒಗೆದು, ಎಷ್ಟು ನೀರು ಬೇಕಂತ ಸೋಮವಾರ ಹೇಳು."

ಮನೆಯಲ್ಲಿ ಒಂದು ಬಕೆಟ್ ಖಾಲಿಯಾದರೂ ವಾಸನೆ ಹೋಗಲಿಲ್ಲ. ಕೈ ಕೆಂಪಾಯಿತು.

"ವಾರಗಟ್ಟಲೆ ಬಿಟ್ರೆ ಹಿಂಗೇ," ಎಂದಳು ಅಮ್ಮ, ಅವಳ ಪಕ್ಕ ಕೂತು ಬಟ್ಟೆ ಉಜ್ಜುತ್ತಾ. "ನಾನು ದಿನಾ ರಾತ್ರಿ ಒಗಿತಿದ್ದೆ. ಎರಡು ಚೊಂಬು ಸಾಕಿತ್ತು."

ಮೊದಲೆಲ್ಲ ಬೆಳಿಗ್ಗೆ ಎದ್ದಾಗ ಬಟ್ಟೆ ಶುಭ್ರವಾಗಿ ಇರುತ್ತಿತ್ತು. ಹೇಗೆ ಎಂದು ಮಾಸೂಮಾ ಒಂದು ದಿನವೂ ಯೋಚಿಸಿರಲಿಲ್ಲ. ಅಮ್ಮನ ಒರಟು ಬೆರಳುಗಳನ್ನು ನೋಡುತ್ತಾ ಬಟ್ಟೆಯ ಇನ್ನೊಂದು ತುದಿ ಹಿಡಿದು ಉಜ್ಜತೊಡಗಿದಳು.

ಸೋಮವಾರ ಎದ್ದು ನಿಂತು, "ದಿನಾ ಒಗೆದ್ರೆ ಎರಡೇ ಚೊಂಬು, ಟೀಚರ್," ಎಂದಳು.

"ಹಂಗಾದ್ರೆ ಪಿಕ್‌ನಿಕ್‌ಗೆ ಬಟ್ಟೇನೇ!" ಎಂದರು ಟೀಚರ್. ಎಲ್ಲರೂ ಚಪ್ಪಾಳೆ ತಟ್ಟಿದರು. ಕರಿಬಸವರಾಜನೂ ತಟ್ಟಿದ.

ಗೆದ್ದ ಮಾಸೂಮಾ ಕೂರಲಿಲ್ಲ.

"ಇನ್ನೂ ಒಂದು ಲೆಕ್ಕ ಬಿಟ್ಟೋಗೈತೆ, ಟೀಚರ್. ಎರಡು ಚೊಂಬು ನೀರು... ಮತ್ತೆ ನಮ್ಮಮ್ಮ."