ಟ್ಯಾಕ್ಸ್ ಪುಸ್ತಕದ ಕಡೆಯ ಹಾಳೆ

"ನಾನು ಕದ್ದಿಲ್ಲ ಸ್ವಾಮಿ. ಓದಾಕೆ ಬರದೋಳು ಪುಸ್ತಕ ಕದ್ದು ಏನ್ಮಾಡ್ಲಿ?"

೧೯೫೮ರ ಆಷಾಢದ ಒಂದು ಬೆಳಿಗ್ಗೆ ಶಿಕಾರಿಪುರದ ಹುಚ್ಚರಾಯಪ್ಪನವರ ಜಗಲಿಯಲ್ಲಿ ಕುಳಿತು ಹೀಗೆಂದವಳು ಗುತ್ಯಮ್ಮ. ಹನ್ನೆರಡು ವರ್ಷದಿಂದ ಆನವಟ್ಟಿಯ ಅಕ್ಕಿ ಗಿರಣಿಯಲ್ಲಿ ಅಕ್ಕಿ ಕೇರುವವಳು. ಹುಚ್ಚರಾಯಪ್ಪನವರು ತಾಲ್ಲೂಕು ಕಚೇರಿಯ ಶಿರಸ್ತೇದಾರರಾಗಿ ನಿವೃತ್ತರಾದವರು. ಕಳ್ಳತನವಾದರೆ ಸುತ್ತಲಿನ ಜನ ಪೊಲೀಸ್ ಠಾಣೆಗಿಂತ ಮೊದಲು ಅವರ ಜಗಲಿ ಹತ್ತುತ್ತಿದ್ದರು. ನಾನು, ಪುಟ್ಟಪ್ಪ, ಸೈಕಲ್ ಅಂಗಡಿಗೆ ಬೀಗ ಹಾಕಿ ಅವರ ಬೆನ್ನು ಹತ್ತುತ್ತಿದ್ದೆ. ಈ ಚಟಕ್ಕೆ ಮನೆಯಲ್ಲಿ ನನಗೆ ಬೈಗುಳ ತಪ್ಪಿದ್ದಿಲ್ಲ.

ಗಿರಣಿಯ ಯಜಮಾನಿ ರಾಜೇಶ್ವರಮ್ಮ ವಿಧವೆ. ಇನ್‌ಕಮ್ ಟ್ಯಾಕ್ಸ್ ಫಾರ್ಮಿನಲ್ಲಿ ಬರುವ ಇಂಗ್ಲಿಷ್ ಮಾತುಗಳಿಗೆಲ್ಲ ಅವರ ಗಂಡ ಒಂದು ಪುಸ್ತಕದಲ್ಲಿ ಕನ್ನಡ ಅರ್ಥ ಬರೆದಿಟ್ಟು ಹೋಗಿದ್ದರು. ಅದನ್ನು ನೋಡಿಕೊಂಡು ಈ ವರ್ಷ ತಾವೇ ಫಾರ್ಮು ತುಂಬುವುದಾಗಿ ಆಕೆ ಹೇಳಿದ ಮರುದಿನವೇ ಪುಸ್ತಕ ಮಾಯ. ಹುಡುಕಿದರೆ ಗುತ್ಯಮ್ಮನ ಬುಟ್ಟಿಯಲ್ಲಿ ಸಿಕ್ಕಿತು, ಕಡೆಯ ಹಾಳೆ ಹರಿದಿತ್ತು.

"ನಾಳೆ ಪೊಲೀಸಿಗೆ ಕೊಡ್ತಾರಂತೆ. ಕಳ್ಳಿ ಅಂತ ಹೆಸರು ಬಂದ್ಮೇಲೆ ನನ್ನ ಮಗಳನ್ನ ಯಾರು ಮಾಡ್ಕೊಂತಾರೆ ಸ್ವಾಮಿ?"

ಶಿರಸ್ತೇದಾರರು ಎಲೆ-ಅಡಿಕೆ ತಟ್ಟೆಯನ್ನು ಅವಳತ್ತ ಸರಿಸಿದರು. ಅವಳು ಊದಿದ ಕೆನ್ನೆ ಮುಟ್ಟಿ ತೋರಿಸಿದಳು. "ಹಲ್ಲುನೋವಿಗೆ ಈಸೂರಿನ ನಾಟಿ ಔಷಧಿ ತಗೊಂಡೀನಿ. ಎಲೆ, ಅಡಿಕೆ, ಸುಣ್ಣ ಬಿಟ್ಟು ಇಪ್ಪತ್ತು ದಿನ ಆತು."

"ಯಜಮಾನಿ ಹತ್ತಿರ ಈಚೆಗೆ ಏನಾದ್ರೂ ಕೇಳಿದ್ಯಾ?"

"ಕೂಲಿ ಜಾಸ್ತಿ ಮಾಡ್ರಿ ಅಂದಿದ್ದೆ. ಹೋದ ವರ್ಷದ ಟ್ಯಾಕ್ಸಿನ ಕಾಗದದಾಗೆ ನಿನಗೆ ಎಷ್ಟು ಬರೆದದೆ ನೋಡಿ ಹೇಳ್ತೀನಿ ಅಂದ್ರು."

"ಯಾರ ಮುಂದೆ?"

"ಗುಮಾಸ್ತರು ಇದ್ರು. ಅಮ್ಮಾರ ಮೈದುನ ಮಲ್ಲೇಶಪ್ಪೋರೂ ಇದ್ರು."

ಶಿರಸ್ತೇದಾರರು ಕೋಟು ತೊಟ್ಟರು. ಅವರು ಕೋಟು ತೊಟ್ಟರೆ ನನ್ನ ಅಂಗಡಿಗೆ ಬೀಗ ಬಿತ್ತೆಂದೇ ಅರ್ಥ.

ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನಕ್ಕೆ ಆನವಟ್ಟಿ ಮುಟ್ಟಿದೆವು. ಗಿರಣಿಯ ಕಚೇರಿಯಲ್ಲಿ ಗುಮಾಸ್ತ ನಾಗರಾಜಪ್ಪ ಎದ್ದು ತನ್ನ ಕುರ್ಚಿಯನ್ನೇ ನನಗೆ ಕೊಟ್ಟ. ಪಕ್ಕದ ಕಂಬಕ್ಕೆ ಒರಗಿದ್ದೇ ತಪ್ಪಾಯಿತು, ಒಗೆದು ತೊಟ್ಟಿದ್ದ ನನ್ನ ಕರಿ ಕೋಟಿನ ತೋಳೆಲ್ಲ ಬೆಳ್ಳಗಾಯಿತು. ಸಿಡಿಮಿಡಿಗೊಂಡು ಕೊಡವಿಕೊಂಡೆ. ಶಿರಸ್ತೇದಾರರು ನನ್ನ ತೋಳನ್ನೂ ಕಂಬವನ್ನೂ ನೋಡಿದರು.

ರಾಜೇಶ್ವರಮ್ಮ ಪುಸ್ತಕ ತಂದು ಮುಂದಿಟ್ಟರು. ಅದರಲ್ಲಿ ದುಂಡಗಿನ ಅಕ್ಷರ. 'ಡಿಡಕ್ಷನ್: ಬಂದದ್ದರಲ್ಲಿ ಕಳೆಯಲು ಬಿಡುವುದು. ಇನ್‌ಕಮ್: ಬಂದದ್ದು. ರೀಫಂಡ್: ಸರ್ಕಾರ ತಿರುಗಿ ಕೊಡುವುದು, ನಾನಿನ್ನೂ ಕಂಡಿಲ್ಲ.' ಓದಿ ನನಗೆ ನಗು ಬಂತು. ದೀಪಾವಳಿಯಲ್ಲಿ ಲೆಕ್ಕದ ಪುಸ್ತಕಗಳ ಜೊತೆ ಇದಕ್ಕೂ ಪೂಜೆ ಮಾಡಿ, ರಟ್ಟಿನ ಮೂಲೆಗಳಿಗೆ ಅರಿಶಿನ ಬಳಿದಿದ್ದರು. ಹಿಂದಿನ ರಟ್ಟಿನ ಒಂದು ಮೂಲೆಯಲ್ಲಿ ಮಾತ್ರ ಬೆರಳುದ್ದದ ಕೆಂಪು ಗೀಟು.

"ಅವಳ ಬುಟ್ಟಿಯಲ್ಲಿದ್ದ ಕುಂಕುಮ ಮೆತ್ತಿದೆ ನೋಡ್ರಿ. ಮೊನ್ನೆವರೆಗೂ ಇದಿರಲಿಲ್ಲ," ಎಂದರು ರಾಜೇಶ್ವರಮ್ಮ.

ಶಿರಸ್ತೇದಾರರು ಕರವಸ್ತ್ರದಿಂದ ಗೀಟನ್ನು ಉಜ್ಜಿದರು. ಬಟ್ಟೆಗೆ ಏನೂ ಹತ್ತಲಿಲ್ಲ.

"ಅಮ್ಮ, ಎಲ್ಲರನ್ನೂ ಕರೀರಿ. ಹೋದ ವರ್ಷದ ಟ್ಯಾಕ್ಸ್ ರಿಟರ್ನಿನ ನಕಲು ತನ್ನಿ. ಒಂದು ತಟ್ಟೆ ಎಲೆ-ಅಡಿಕೆಯೂ ಬರಲಿ."

ಎಲ್ಲರೂ ಕಚೇರಿಯಲ್ಲಿ ಸೇರಿದರು. ಗುತ್ಯಮ್ಮ ಬಾಗಿಲ ಬಳಿಯೇ ನಿಂತಳು. ಮಲ್ಲೇಶಪ್ಪ ತಟ್ಟೆಯನ್ನು ಆಚೆ ತಳ್ಳಿ, "ನನಗೆ ಇದೊಂದೇ ಸಾಕು," ಎಂದು ನಶ್ಯದ ಡಬ್ಬಿ ತೆಗೆದ. ನಾಗರಾಜಪ್ಪ ಎಲೆಯ ನಾರು ತೆಗೆದು, ತೋರುಬೆರಳಲ್ಲಿ ಸುಣ್ಣ ಹಚ್ಚಿ, ಮಡಿಸಿ ಬಾಯಿಗಿಟ್ಟ. ಬೆರಳಲ್ಲಿ ಉಳಿದ ಸುಣ್ಣವನ್ನು ಅತ್ತ ನೋಡದೆಯೇ ಕಂಬಕ್ಕೆ ಒರೆಸಿದ.

"ನಾಗರಾಜಪ್ಪ, ಆ ಪುಸ್ತಕ ಮುಟ್ಟಿದ್ಯಾ?"

"ದೇವರಾಣೆ ಇಲ್ರೀ. ಅದು ಅಮ್ಮಾರ ಬೀರುವಿನಾಗೆ ಇರೋದು."

ಶಿರಸ್ತೇದಾರರು ತಟ್ಟೆಯಿಂದ ತುಸು ಸುಣ್ಣ ತೆಗೆದು, ರಟ್ಟಿನ ಇನ್ನೊಂದು ಮೂಲೆಯ ಅರಿಶಿನಕ್ಕೆ ಎಳೆದರು. ನಾವು ನೋಡುತ್ತಿದ್ದಂತೆ ಅದು ಕೆಂಪಾಯಿತು. ಎರಡು ಗೀಟುಗಳೂ ಒಂದೇ ಬಣ್ಣ.

"ಆರತಿ ನೀರು ಕದಡೋ ಹೆಣ್ಣುಮಕ್ಕಳಿಗೆ ನಾನು ಇದನ್ನ ಹೇಳಿಕೊಡಬೇಕಾಗಿಲ್ಲ. ಈ ಕೆಂಪು ಸುಣ್ಣದ್ದು," ಎಂದರು. "ಗುತ್ಯಮ್ಮ ಪಥ್ಯದಲ್ಲಿದ್ದಾಳೆ, ಸುಣ್ಣ ಮುಟ್ಟಿ ಇಪ್ಪತ್ತು ದಿನವಾಯ್ತು. ಮಲ್ಲೇಶಪ್ಪ ನಶ್ಯದವರು. ಯಜಮಾನರು ಹೋದಮೇಲೆ ಅಮ್ಮ ಎಲೆ ಹಾಕೋದಿಲ್ಲ. ಪುಟ್ಟಪ್ಪನ ಕೋಟು ಬೆಳ್ಳಗಾದಾಗಲೇ ನನಗೆ ಅನುಮಾನ ಬಂತು. ಕಂಬ ನೋಡಿ, ಕುರ್ಚಿಯ ಎತ್ತರಕ್ಕೆ ನೂರಾರು ಬೆರಳಿನ ಗೀಟು. ನಾಗರಾಜಪ್ಪ, ನಿನ್ನ ಬೆರಳು ಹತ್ತಿರ ಏನು ಸಿಕ್ಕಿದರೂ ಒರೆಸುತ್ತೆ. ಅವತ್ತು ಹತ್ತಿರವಿದ್ದದ್ದು ಕೈಯಲ್ಲಿದ್ದ ಪುಸ್ತಕ."

ನಾಗರಾಜಪ್ಪನ ಬಾಯಿಯ ಎಲೆ ಅಲ್ಲೇ ನಿಂತಿತು.

"ಇನ್ನು ಹರಿದ ಹಾಳೆ. ಓದು ಬಾರದವಳು ಒಲೆಗೆ ಅಂತ ಹರಿದರೆ ಸಿಕ್ಕಷ್ಟು ಹರೀತಾಳೆ, ಒಂದೇ ಹಾಳೆ ಹರಿಯೋದಿಲ್ಲ. ಇಲ್ಲಿ ಮಾತುಗಳು ಇಂಗ್ಲಿಷ್ ಅಕ್ಷರಗಳ ಎ, ಬಿ, ಸಿ ಸಾಲಿನಲ್ಲಿವೆ. ಕಡೆಯ ಹಾಳೆಯಲ್ಲಿ ಇರಬೇಕಾದ, ಈ ನಕಲಿನಲ್ಲೂ ಇರುವ ಮಾತು ಒಂದೇ: ವೇಜಸ್. ಅಂದರೆ ಕೂಲಿ." ಹೋದ ವರ್ಷ ಗುಮಾಸ್ತ ತುಂಬಿದ್ದ ಆ ನಕಲಿಗೆ ಲಗತ್ತಿಸಿದ್ದ ಕೂಲಿಯ ಪಟ್ಟಿಯ ಮೇಲೆ ಅವರು ಬೆರಳಿಟ್ಟರು. "ಗುತ್ಯಮ್ಮ, ದಿನಕ್ಕೆ ಎಷ್ಟು ತಗೊಂತೀಯ?"

"ಮುಕ್ಕಾಲು ರೂಪಾಯಿ ಸ್ವಾಮಿ."

"ಇಲ್ಲಿ ಒಂದೂವರೆ ಅಂತಿದೆ. ಎಂಟು ಹೆಂಗಸರಿಗೂ ಹಾಗೇ ಇದೆ."

ರಾಜೇಶ್ವರಮ್ಮ ಗುಮಾಸ್ತನತ್ತ ತಿರುಗಿದರು. "ವಾರವಾರ ಇವರ ಕೂಲಿಗೆ ಅಂತ ಕೇಳಿದಷ್ಟೂ ಒಟ್ಟಿಗೆ ನಿನ್ನ ಕೈಗೆ ಹಾಕ್ತಿದ್ದೆನಲ್ಲೋ!"

ನಾಗರಾಜಪ್ಪ ಕುಸಿದು ಕುಳಿತ. ಅರ್ಧ ಕೂಲಿ ನಾನೇ ಇಟ್ಟುಕೊಂಡೆನೆಂದೂ, ಹಾಳೆಯನ್ನು ಬಚ್ಚಲ ಒಲೆಗೆ ಹಾಕಿದೆನೆಂದೂ, ಗುತ್ಯಮ್ಮ ಕೆಲಸ ಬಿಟ್ಟು ಹೋದರೆ ಕೂಲಿಯ ಮಾತೇ ಏಳುವುದಿಲ್ಲವೆಂದು ಪುಸ್ತಕವನ್ನು ಅವಳ ಬುಟ್ಟಿಗಿಟ್ಟೆನೆಂದೂ ಒಪ್ಪಿಕೊಂಡ. ಪೊಲೀಸರಿಗೆ ಹೇಳಿ ಕಳಿಸಲು ಮಲ್ಲೇಶಪ್ಪ ಎದ್ದು ಹೋದ. ನನ್ನ ಕೋಟು ಹಾಳಾದದ್ದಕ್ಕೆ ಅವತ್ತು ನನಗೆ ಬೇಸರವೇ ಆಗಲಿಲ್ಲ.

ರಾಜೇಶ್ವರಮ್ಮ ಬಾಗಿಲಿಗೆ ಹೋಗಿ ಗುತ್ಯಮ್ಮನ ಕೈ ಹಿಡಿದು ಒಳಗೆ ಕರೆತಂದು ಗುಮಾಸ್ತನ ಕುರ್ಚಿಯಲ್ಲಿ ಕೂರಿಸಿದರು. "ನಿನ್ನನ್ನ ಕಳ್ಳಿ ಅಂದೆ. ನನ್ನದು ತಪ್ಪಾಯ್ತು ಕಣೇ," ಎಂದರು. ಗುತ್ಯಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು.

ಆಮೇಲೆ ರಾಜೇಶ್ವರಮ್ಮ ಪೆನ್ಸಿಲ್ ತೆಗೆದುಕೊಂಡು, ಶಿರಸ್ತೇದಾರರಿಂದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಬರೆಸಿಕೊಂಡು ನೋಡಿ, ಪುಸ್ತಕದ ಒಳರಟ್ಟಿನ ಮೇಲೆ ತಿದ್ದಿದರು. ಅದರ ಮುಂದೆ ಕನ್ನಡದಲ್ಲಿ ಬರೆದು ನಮಗೆ ಓದಿ ಹೇಳಿದರು: "ವೇಜಸ್: ಗುತ್ಯಮ್ಮನ ಕೈಗೆ ನಾನೇ ಕೊಡಬೇಕಾದದ್ದು."