ಎದುರಂಗಡಿಯವಳು

“ನಮ್ಮೊಳಗಿನವರೇ ಯಾರೋ ಬಾಯಿ ಬಿಟ್ಟಿದ್ದಾರೆ,” ಅಂತ ಅವನು ಬಂದು ಎದುರಿಗೆ ಕೂತಾಗ, ಅವಳ ಕೈಯಲ್ಲಿದ್ದ ಕಾಫಿ ಲೋಟ ತುಟಿಯ ಹತ್ತಿರವೇ ನಿಂತುಬಿಟ್ಟಿತು.

ಇಬ್ಬರೂ ಕಂಪ್ಯೂಟರ್ ಆಟಗಳನ್ನು ಆನ್‌ಲೈನ್‌ನಲ್ಲಿ ಮಾರುವವರು. ಅವಳಿದ್ದದ್ದು ಎಲ್ಲರಿಗೂ ಗೊತ್ತಿರುವ ದೊಡ್ಡ ಅಂಗಡಿಯಲ್ಲಿ. ಮುಖಪುಟದಲ್ಲಿ ಯಾವ ಆಟ ಮೆರೆಯಬೇಕು ಅನ್ನೋದು ಅವಳ ತೀರ್ಮಾನ. ಅವನು ಗೆಳೆಯನ ಜೊತೆ ಸೇರಿ, ಕನ್ನಡಕದ ಅಂಗಡಿಯ ಮಹಡಿ ಮೇಲೊಂದು ಆಫೀಸು ಹಿಡಿದು, ಅಂಥದ್ದೇ ಪುಟ್ಟ ಅಂಗಡಿ ಶುರು ಮಾಡಿದ್ದ. ಅವಳು ಅವನನ್ನು ‘ಸಾಹುಕಾರ್ರೇ’ ಅಂತ ರೇಗಿಸುತ್ತಿದ್ದಳು. ಅವನು ‘ಹೇಳಿ ಮಹಾರಾಣಿ’ ಅನ್ನುತ್ತಿದ್ದ. ಹಾಗನ್ನುವಾಗ ಅವನ ಎಡಗಣ್ಣು ಒಂಚೂರು ಕಿರಿದಾಗುತ್ತಿತ್ತು. ಅದನ್ನು ನೋಡುವುದಕ್ಕೇ ಅವಳು ರೇಗಿಸುತ್ತಿದ್ದದ್ದು.

ಇವತ್ತು ಆ ಕಣ್ಣಲ್ಲಿ ನಗುವಿರಲಿಲ್ಲ.

ಯಾರೋ ಅಕ್ಕ-ತಮ್ಮ ಇಬ್ಬರೇ ಸೇರಿ ಒಂದು ಆಟ ಮಾಡಿದ್ದರು. ರೈಲ್ವೆ ಸ್ಟೇಷನ್ನಿನಲ್ಲಿ ಜನ ಬಿಟ್ಟುಹೋದ ಸಾಮಾನುಗಳನ್ನು ಒಬ್ಬೊಬ್ಬರನ್ನೇ ಹುಡುಕಿ ತಲುಪಿಸುವ ಆಟ. ಅದು ಮೊದಲು ಅವನ ಅಂಗಡಿಯಲ್ಲೇ ಬರಬೇಕು ಅಂತ ಬಾಯಿಮಾತಲ್ಲಿ ಒಪ್ಪಂದವಾಗಿತ್ತು. ಆ ಒಂದು ಆಟಕ್ಕಾದರೂ ಜನ ತಮ್ಮ ಕಡೆ ತಿರುಗಿ ನೋಡುತ್ತಾರೆ ಅಂತ ಅವನು ಕನಸು ಕಟ್ಟಿಕೊಂಡಿದ್ದ. ಈಗ ಅಕ್ಕ ಫೋನ್ ಮಾಡಿ, ದೊಡ್ಡ ಅಂಗಡಿಯವರು ಮುಖಪುಟವನ್ನೇ ಬಿಟ್ಟುಕೊಡುತ್ತಾರಂತೆ, ಬೇಜಾರು ಮಾಡ್ಕೋಬೇಡಿ ಅಂದಿದ್ದಳು.

“ಮೌನಿಯನ್ನ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ,” ಅಂದ ಅವನು. ಮೌನಿ ಅಂದರೆ ಆ ಗೆಳೆಯ. ಏನು ಕೇಳಿದರೂ ಅರ್ಧ ಉತ್ತರ ಕೊಡುವ ಆಸಾಮಿ. “ಬಾಯಿಗೆ ಬಂದ ಹಾಗೆ ಬೈದುಬಿಟ್ಟೆ. ನಾಳೆ ಬಂದು ಸಾಮಾನು ತಗೊಂಡು ಹೋಗ್ತಾನಂತೆ.”

“ನನಗೂ ಗೊತ್ತಿತ್ತಲ್ಲ?”

“ನಿನ್ನ ಮೇಲೆ ಅನುಮಾನ ಪಡೋಷ್ಟು ತಲೆ ಕೆಟ್ಟಿಲ್ಲ ನನಗೆ,” ಅಂತ ಅವನು ಅವಳ ಬೆರಳುಗಳ ಮೇಲೆ ಕೈಯಿಟ್ಟ.

ಹೇಳುವ ಗಳಿಗೆ ಅದೇ ಆಗಿತ್ತು. ಅವಳು ಕಾಫಿ ಕುಡಿದಳು.

ಆಗಿದ್ದು ಇಷ್ಟು. ಮೀಟಿಂಗಿನಲ್ಲಿ ಬಾಸ್, “ಆ ಮಹಡಿ ಮೇಲಿನವರ ಹತ್ತಿರ ಏನಿದೆ, ಬರೀ ಬೋರ್ಡು!” ಅಂತ ನಕ್ಕಿದ್ದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವರ ಹತ್ತಿರ ಇರುವಂಥ ಆಟ ನಮ್ಮಲ್ಲಿ ಒಂದೂ ಇಲ್ಲ ಅಂತ ಎಲ್ಲವನ್ನೂ ಬಣ್ಣಿಸಿಬಿಟ್ಟಳು. ಅವನ ಮೇಲಿನ ಅಭಿಮಾನ ಆಡಿಸಿದ ಮಾತು. ಬಾಸ್ ನಗು ನಿಲ್ಲಿಸಿ ಫೋನ್ ಕೈಗೆತ್ತಿಕೊಂಡಾಗ ನಾಲಿಗೆ ಕಚ್ಚಿಕೊಂಡಳು. ಕಚ್ಚಿಕೊಂಡು ಏನು ಬಂತು?

ಮಾರನೇ ಬೆಳಿಗ್ಗೆ ಅವಳು ಕನ್ನಡಕದ ಅಂಗಡಿಯ ಮಹಡಿ ಹತ್ತಿದಳು. ಮೌನಿ ಚಾರ್ಜರಿನ ವೈರು ಸುತ್ತಿ ಬ್ಯಾಗಿಗೆ ಹಾಕುತ್ತಿದ್ದ. ಅವಳ ಸಾಹುಕಾರ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದ.

“ಇವರು ಬಾಯಿ ಬಿಟ್ಟಿಲ್ಲ. ಬಿಟ್ಟವಳು ನಾನು.”

ಒಂದೇ ಉಸಿರಿಗೆ ಎಲ್ಲ ಹೇಳಿದಳು. ಮೊದಲು ಬಾಯಿ ತೆರೆದವನು ಮೌನಿ. “ನಿನ್ನೆ ಗೊತ್ತಿದ್ದೂ ಸುಮ್ಮನಿದ್ರಾ?”

“ಹೂಂ.”

“ಅದು ದೊಡ್ಡ ತಪ್ಪು.”

ಅವನು ಬಂದು ಮೌನಿಯ ಭುಜ ಹಿಡಿದುಕೊಂಡ. “ತಪ್ಪಾಯ್ತು ಕಣೋ.” ಮೌನಿ ಚಾರ್ಜರನ್ನು ವಾಪಸ್ ಮೇಜಿನ ಮೇಲಿಟ್ಟು, “ಆಮೇಲೆ ಮಾತಾಡೋಣ,” ಅಂತ ಕೆಳಗಿಳಿದು ಹೋದ.

“ಆಟ ಮಾಡಿದ ಆ ಅಕ್ಕನಿಗೆ ಎಲ್ಲಾ ಹೇಳಿದೆ,” ಅಂದಳು ಅವಳು. “ಆದರೂ ಅವರಿಗೆ ಮುಖಪುಟನೇ ಬೇಕಂತೆ. ಅವರದೇನೂ ತಪ್ಪಿಲ್ಲ. ನಾನು ಕೆಲಸ ಬಿಟ್ಟುಬಿಡ್ತೀನಿ.”

“ಬಿಟ್ಟರೆ ಆಟ ವಾಪಸ್ ಬರುತ್ತಾ? ನಿನ್ನ ಮನಸ್ಸು ಹಗುರ ಆಗುತ್ತೆ, ಅಷ್ಟೇ.”

ಆ ಮಾತು ನಾಟಿತು. ಅವಳು ತಲೆ ತಗ್ಗಿಸಿದಳು. “ನಿನ್ನನ್ನ ನೋಡಿ ಯಾರಾದ್ರೂ ನಕ್ಕರೆ ನನಗೆ ತಡೆಯೋಕಾಗಲ್ಲ. ಅಷ್ಟು ಇಷ್ಟ ನೀನಂದ್ರೆ. ಹೇಳೋ ಹೊತ್ತಲ್ಲ ಇದು, ಗೊತ್ತು.”

“ಹೋಗಿ ಹೋಗಿ ಇವತ್ತೇ ಹೇಳ್ಬೇಕಿತ್ತಾ? ಇವತ್ತು ನಾನು ಕೋಪ ಮಾಡ್ಕೊಂಡಿರಬೇಕು.”

“ಮಾಡ್ಕೋ.”

“ಮಾಡ್ಕೊಂಡಿದ್ದೀನಿ. ಬೇಗ ಹೋಗೋ ಕೋಪ ಅಲ್ಲ ಇದು.” ಅವನು ಮತ್ತೆ ಕಿಟಕಿಯ ಹತ್ತಿರ ಹೋಗಿ ನಿಂತ. “ಕೋಪ ಹೋದ ಮೇಲೆ ಬರ್ತೀಯಾ? ಇಲ್ಲ, ಹೋಗೋವರೆಗೂ ಇಲ್ಲೇ ಇರ್ತೀಯಾ?”

“ಇಲ್ಲೇ ಇರ್ತೀನಿ.”

ಅವನು ಅವಳ ಮುಖ ನೋಡಲಿಲ್ಲ. ನೋಡದೆಯೇ ಪಕ್ಕಕ್ಕೆ ಸರಿದು, ಕಿಟಕಿಯ ಬಳಿ ಅವಳಿಗೂ ಜಾಗ ಮಾಡಿದ.